ಹಾಜರಿಯಲ್ಲಿ 72, ಅಡುಗೆಮನೆಯಲ್ಲಿ 54: ತಾಳವಾಡಿ ಬೆಟ್ಟದ ಒಂದು ವಸತಿ ಶಾಲೆಯ ಪ್ರಕರಣ

ತಾಳವಾಡಿ ಸೀಮೆಯ ಒಂದು ವಸತಿ ಶಾಲೆ. ಪೊಂಗಲ್ ರಜೆ ಮುಗಿದು ಎರಡು ವಾರ ಕಳೆದಿತ್ತು. ಹಾಸ್ಟೆಲ್‌ನಲ್ಲಿ 72 ಮಕ್ಕಳಿದ್ದಾರೆ ಎನ್ನುತ್ತಿತ್ತು ಹಾಜರಿ ಪುಸ್ತಕ. ಅಡುಗೆಮನೆಯ ಗೋಡೆ ಮಾತ್ರ 54 ಎನ್ನುತ್ತಿತ್ತು.

ಗೋಡೆಯ ಮಾತು ಸುಮ್ನೆ ಹೇಳಿದ್ದಲ್ಲ. ಅಲ್ಲಿನ ಅಡುಗೆ ಅಕ್ಕನಿಗೆ ಓದು ಬರಹ ಬರುವುದಿಲ್ಲ, ಲೆಕ್ಕ ಮಾತ್ರ ತಪ್ಪುವುದಿಲ್ಲ. ಒಲೆ ಪಕ್ಕದ ಗೋಡೆಯ ಮೇಲೆ ದಿನಕ್ಕೊಂದು ಸಾಲು. ಮಧ್ಯಾಹ್ನ ಅಕ್ಕಿ ಅಳೆದು ಹಾಕುವಾಗ ಸೇರಿಗೊಂದು ಇದ್ದಿಲ ಗೆರೆ. ಒಂದು ಸೇರು ಅಕ್ಕಿ ಆರು ಮಕ್ಕಳಿಗೆ ಅನ್ನೋದು ಆಕೆಯ ಲೆಕ್ಕ. ಡಿಸೆಂಬರ್‌ವರೆಗೆ ದಿನಕ್ಕೆ 12 ಗೆರೆ ಬೀಳುತ್ತಿತ್ತು. ಪೊಂಗಲ್ ಆದಮೇಲೆ 9. ತಿಂಗಳ ಕೊನೆಗೆ ಸುಣ್ಣ ಬಳಿದು ಹೊಸ ಲೆಕ್ಕ ಶುರು ಮಾಡುತ್ತಾರೆ. ಹಾಗಾಗಿ ಗೋಡೆಯನ್ನು ಯಾರೂ ಲೆಕ್ಕದ ಪುಸ್ತಕ ಅಂತ ಎಣಿಸಿರಲಿಲ್ಲ.

ಆ ಶಾಲೆಗೆ ನೆರವಾಗುವ ಗುಂಪಿನಲ್ಲಿ ನಾನು ಲೆಕ್ಕ ನೋಡುವವನು. ಈ ವ್ಯತ್ಯಾಸ ಕಂಡಾಗ ಗುಂಪಿನ ಹಲವರ ಬಾಯಲ್ಲಿ ಮೊದಲು ಬಂದ ಮಾತು ಕಳ್ಳತನ. ಆದರೆ ಅಕ್ಕಿ ಕದಿಯುವವರು ಖರ್ಚು ಜಾಸ್ತಿ ತೋರಿಸುತ್ತಾರೆ, ಕಡಿಮೆ ತೋರಿಸುವುದಿಲ್ಲ ಅಲ್ವಾ? ಉಗ್ರಾಣಕ್ಕೆ ಹೋಗಿ ಮೂಟೆ ಎಣಿಸಿದರೆ ಅಕ್ಕಿ ಮಿಕ್ಕಿತ್ತು. ಕಡಿಮೆಯಾಗಿದ್ದವರು ಮಕ್ಕಳು.

ಇದು ಆ 18 ಮಕ್ಕಳ ಕತೆ. ಅದಕ್ಕಿಂತ ಹೆಚ್ಚಾಗಿ, ಅವರು ಬಂದಿಲ್ಲ ಅನ್ನೋದನ್ನು ಶಾಲೆ ಯಾಕೆ ಬಾಯಿ ಬಿಟ್ಟು ಹೇಳಲಿಲ್ಲ ಅನ್ನುವ ಕತೆ. ಶಾಲೆಯ ಹೆಸರು, ಅದನ್ನು ನಡೆಸುವ ಟ್ರಸ್ಟಿನ ಹೆಸರು ಬರೆಯುವುದಿಲ್ಲ. ಮಕ್ಕಳ ಗುರುತು ಸಿಗುವಂಥ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ.

ಜಾಗ ಯಾವುದು, ಜನ ಯಾರು

ತಾಳವಾಡಿ ಗೊತ್ತಿಲ್ಲದವರಿಗೆ ಎರಡು ಮಾತು. ಇದು ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ ತಾಲ್ಲೂಕು, ಆಡುವ ಮಾತು ಕನ್ನಡ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇಲ್ಲೇ ಇದೆ. ಚಾಮರಾಜನಗರ ಬಸ್ಸಿನಲ್ಲಿ ಒಂದು ಗಂಟೆ ಆಚೀಚೆ. ಈರೋಡ್ ನೂರು ಕಿಲೋಮೀಟರಿಗೂ ಜಾಸ್ತಿ ದೂರ, ಅದೂ ದಿಂಬಂ ಘಟ್ಟದ 27 ತಿರುವು ಇಳಿದು ಬನ್ನಾರಿ ದಾಟಿ ಹೋಗಬೇಕು. ನಮ್ಮಲ್ಲಿ ಕಾಯಿಲೆ ಬಂದರೆ ಚಾಮರಾಜನಗರ, ಕಾಗದ ಬೇಕಾದರೆ ಕೆಳಗಿನ ಗೋಬಿಚೆಟ್ಟಿಪಾಳ್ಯ.

ಸುತ್ತ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ, ಸುಮಾರು 1,400 ಚದರ ಕಿಲೋಮೀಟರ್. 2013ರಲ್ಲಿ ಹುಲಿ ಕಾಡು ಅಂತ ಘೋಷಣೆಯಾಯಿತು. ಹಾಸನೂರು, ತಲಮಲೆ, ಗೇರ್ಮಾಳ ಕಡೆಯ ಕಾಡಿನ ಒಳಗೆ ಸೋಲಿಗ ಬುಡಕಟ್ಟಿನವರ ಪೋಡುಗಳು, ಅಂದರೆ ಹಾಡಿಗಳು, ಊರಾಳಿ ಬುಡಕಟ್ಟಿನವರ ಊರುಗಳು ಇವೆ. ಬಯಲಲ್ಲಿ ಲಿಂಗಾಯತರು, ದಲಿತರು, ಇತರರು ರಾಗಿ, ಮೆಕ್ಕೆಜೋಳ, ಕೋಸು, ಬೆಳ್ಳುಳ್ಳಿ ಬೆಳೆಯುತ್ತಾರೆ. ಆನೆ ಇಲ್ಲಿ ದಿನದ ಸುದ್ದಿ. 2023ರ ಏಪ್ರಿಲ್‌ನಲ್ಲಿ ಕರುಪ್ಪನ್ ಅಂತ ಜನ ಕರೆಯುತ್ತಿದ್ದ ಆನೆಯನ್ನು ಅರಣ್ಯ ಇಲಾಖೆ ಹಿಡಿದು ಬೇರೆ ಕಾಡಿಗೆ ಬಿಡಬೇಕಾಯಿತು. ಸಂಜೆ ನಾಲ್ಕರ ಮೇಲೆ ಮಗುವನ್ನು ಕಾಡುದಾರಿಯಲ್ಲಿ ನಡೆಸಿಕೊಂಡು ಹೋಗಲು ಯಾವ ತಾಯಿಯೂ ಒಪ್ಪುವುದಿಲ್ಲ. ವಸತಿ ಶಾಲೆ ಇಲ್ಲಿ ಹುಟ್ಟಿಕೊಂಡದ್ದಕ್ಕೆ ಅದೇ ಮುಖ್ಯ ಕಾರಣ.

ಶಾಲೆ ಒಂದರಿಂದ ಎಂಟನೇ ತರಗತಿವರೆಗೆ. ಫೀಸಿಲ್ಲ. ಸರ್ಕಾರದ ಮಾನ್ಯತೆ ಇದೆ, ಸರ್ಕಾರದ ಹಣ ಇಲ್ಲ. ಮಕ್ಕಳಲ್ಲಿ ಹೆಚ್ಚಿನವರು ಸೋಲಿಗರು, ಊರಾಳಿಗಳು. ಮನೆಯ ಮಾತು ಕನ್ನಡಕ್ಕೆ ಹತ್ತಿರದ ನುಡಿ, ಪಾಠ ತಮಿಳಿನಲ್ಲಿ, ಗದರಿಸುವುದು ಕನ್ನಡದಲ್ಲಿ.

ನೆರವಿಗೆ ಬರುವವರು ಮೂರು ತೆರ. ತಾಳವಾಡಿಯ ನಮ್ಮಂಥವರು: ಅಂಗಡಿಯವರು, ನಿವೃತ್ತ ಮೇಷ್ಟ್ರು, ಟೀಚರಮ್ಮಂದಿರು. ಚಾಮರಾಜನಗರದ ಕಾಲೇಜು ಹುಡುಗರು. ಮತ್ತೆ ಬೆಂಗಳೂರಿನಿಂದ ಕಾರು ಮಾಡಿಕೊಂಡು ಶನಿವಾರ ಬಂದು ಭಾನುವಾರ ಹೊರಡುವ ಕಂಪನಿ ನೌಕರರು. ಈ ಮೂರನೆಯವರ ಬಗ್ಗೆ ಸುಲಭವಾಗಿ ನಗಬಹುದು, ಆದರೆ ದುಡ್ಡು ತರುತ್ತಿದ್ದವರು ಅವರೇ. ಎರಡು ದಿನದಲ್ಲಿ ಇಂಗ್ಲಿಷ್ ಕಲಿಸುತ್ತೇವೆ ಅನ್ನುವ ಅವರ ಉತ್ಸಾಹ ಮಾತ್ರ ನನಗೆ ಯಾವತ್ತೂ ಹಿಡಿಸಲಿಲ್ಲ. ಅವರು ಬಂದ ಶನಿವಾರ ಮಕ್ಕಳಿಗೆ ಬಟ್ಟೆ ಒಗೆಯಲು ಪುರುಸೊತ್ತು ಸಿಗುತ್ತಿರಲಿಲ್ಲ. ಅಷ್ಟೇ ಆಗುತ್ತಿದ್ದದ್ದು.

ತಲೆಗೆ 1,500

ಹಣ ಬರುತ್ತಿದ್ದ ರೀತಿ ಸರಳ. ಒಬ್ಬ ದಾನಿ, ಒಂದು ಮಗು, ತಿಂಗಳಿಗೆ 1,500 ರೂಪಾಯಿ. "ಒಂದು ಮಗುವಿನ ಖರ್ಚು ನಾನು ನೋಡ್ಕೊಳ್ತೀನಿ" ಅನ್ನೋದು ಹೇಳಲೂ ಚೆಂದ, ಕೇಳಲೂ ಚೆಂದ. ದಾನಿಗೆ ಮಗುವಿನ ಫೋಟೋ ಹೋಗುತ್ತಿತ್ತು. ವರ್ಷಕ್ಕೆ ಎರಡು ಸಲ ಮಗು ಬರೆದ ಪತ್ರ ಹೋಗುತ್ತಿತ್ತು. ಟ್ರಸ್ಟಿಗೆ 80ಜಿ ಅನ್ನುವ ಆದಾಯ ತೆರಿಗೆ ಮಾನ್ಯತೆ ಇದ್ದುದರಿಂದ ಕೊಟ್ಟ ಹಣದ ಅರ್ಧದಷ್ಟನ್ನು ಆದಾಯದಲ್ಲಿ ಕಳೆದು ತೋರಿಸಬಹುದಿತ್ತು. ನಗದಾಗಿ 2,000ಕ್ಕಿಂತ ಮೇಲೆ ಕೊಟ್ಟರೆ ಆ ವಿನಾಯಿತಿ ಇಲ್ಲ, ಹಾಗಾಗಿ ಎಲ್ಲ ಬ್ಯಾಂಕ್ ಮೂಲಕವೇ. ಕಾಗದದ ಮಟ್ಟಿಗೆ ಎಲ್ಲ ಅಚ್ಚುಕಟ್ಟು.

ಈಗ 18 ಮಕ್ಕಳು ಬರಲಿಲ್ಲ ಅಂತಿಟ್ಟುಕೊಳ್ಳಿ. ಶಾಲೆ ನಿಜ ಹೇಳಿದರೆ ತಿಂಗಳಿಗೆ 27,000 ರೂಪಾಯಿ ನಿಂತುಹೋಗುತ್ತದೆ. ಖರ್ಚಿನಲ್ಲಿ ಉಳಿಯುವುದು ಎಷ್ಟು? ದಿನಕ್ಕೆ ಮೂರು ಸೇರು ಅಕ್ಕಿ, ರಾತ್ರಿಯ ಒಂದಿಷ್ಟು ಮುದ್ದೆ, ಸ್ವಲ್ಪ ಸಾರು, ಸೋಪು. ವಾರ್ಡನ್ ಸಂಬಳ ಅಷ್ಟೇ ಇರುತ್ತದೆ. ಅಡುಗೆ ಅಕ್ಕ, ಅವರ ಸಹಾಯಕಿ, ಕರೆಂಟ್ ಬಿಲ್ಲು, ಸೋರುವ ಶೀಟು ಎಲ್ಲ ಹಾಗೇ. 54 ಮಕ್ಕಳಿಗೆ ಮುಕ್ಕಾಲು ವಾರ್ಡನ್ ಇಡಲು ಆಗುವುದಿಲ್ಲವಲ್ಲ. ಆ ಮೂವರು ಹೆಂಗಸರ ಸಂಬಳ ಸೇರಿದರೆ ಹೆಚ್ಚುಕಡಿಮೆ ಅದೇ 27,000.

ದೊಡ್ಡ ಮೇಡಂ ಅಂತ ಎಲ್ಲರೂ ಕರೆಯುವ ಮುಖ್ಯ ಶಿಕ್ಷಕಿ ಇದನ್ನು ನಮಗಿಂತ ಚೆನ್ನಾಗಿ ಬಲ್ಲವರು. ಗೋಡೆಯ ಲೆಕ್ಕ, ಪುಸ್ತಕದ ಲೆಕ್ಕ ಎರಡನ್ನೂ ಮುಂದಿಟ್ಟಾಗ ಅವರು ಸುತ್ತುಬಳಸಿ ಮಾತಾಡಲಿಲ್ಲ. "ಮಗು ಬಂದಿಲ್ಲ ಅಂದ್ರೆ ದುಡ್ಡು ನಿಲ್ಲುತ್ತೆ. ದುಡ್ಡು ನಿಂತ್ರೆ ಬಂದಿರೋ ಮಕ್ಕಳಿಗೆ ಅನ್ನ ಹಾಕೋರು ಯಾರು?" ಅಂದರು. ಗುಂಪಿನಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ.

ಪತ್ರಗಳ ಕಟ್ಟು ತರಿಸಿ ನೋಡಿದೆವು. ಫೆಬ್ರವರಿಯಲ್ಲಿ ದಾನಿಗಳಿಗೆ ಹೋಗಬೇಕಾದ ಪತ್ರಗಳು ಸಿದ್ಧವಾಗಿದ್ದವು. ಮೂರು ಪತ್ರಗಳಲ್ಲಿ ಒಂದೇ ನವಿಲು. ಅದೇ ಓರೆ ಕೊಕ್ಕು, ಗರಿಗೆ ಅದೇ ನೇರಳೆ ಸ್ಕೆಚ್ ಪೆನ್ನು, ಕೆಳಗೆ ಮೂರು ಬೇರೆ ಹೆಸರು. "ನಾನು ಚೆನ್ನಾಗಿ ಓದುತ್ತಿದ್ದೇನೆ, ನೀವು ಹೇಗಿದ್ದೀರಿ?" ಅಂತ ಮೂರರಲ್ಲೂ. ಆರನೇ ತರಗತಿಯ ಒಬ್ಬ ಹುಡುಗಿ, ಚಿತ್ರ ಚೆನ್ನಾಗಿ ಬರೆಯುತ್ತಾಳೆ ಅಂತ, ಬಾರದ ಗೆಳತಿಯರ ಪಾಲಿನದನ್ನೂ ಬರೆದುಕೊಟ್ಟಿದ್ದಳು. ಅವಳಿಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಗುಂಪಿನಲ್ಲಿ ಜೋರು ಜಗಳ ಆಯಿತು. ಶಾಲೆ ಮೋಸ ಮಾಡಿದೆ, ಕೈಬಿಡೋಣ ಅಂದವರೂ ಇದ್ದರು. ಮೋಸ ಹೌದು, ಅದನ್ನು ತೇಲಿಸಿ ಮಾತಾಡಬೇಕಿಲ್ಲ. ಆದರೆ ತಲೆ ಎಣಿಸಿ ದುಡ್ಡು ಕೊಟ್ಟರೆ ತಲೆ ಎಣಿಕೆ ಕಡಿಮೆಯಾಗುವುದಿಲ್ಲ ಅನ್ನೋದು ಲೆಕ್ಕ ಬಲ್ಲ ಯಾರಿಗಾದರೂ ಗೊತ್ತಿರಬೇಕು. ಆ ಪದ್ಧತಿಯಲ್ಲಿ ನಿಜ ಹೇಳಿದ ಶಾಲೆಗೆ ದಂಡ ಬೀಳುತ್ತದೆ, ಸುಳ್ಳು ಹೇಳಿದ ಶಾಲೆಗೆ ಅಕ್ಕಿ ಬರುತ್ತದೆ.

ಹೆಸರು ಉಳಿದರೆ ಏನು ನಷ್ಟ?

ಬಂದಿಲ್ಲದ ಮಗುವಿನ ಹೆಸರು ಪುಸ್ತಕದಲ್ಲಿ ಇದ್ದರೆ ಮಗುವಿಗೇನು ತೊಂದರೆ ಅಂತ ಒಬ್ಬರು ಕೇಳಿದರು. ತೊಂದರೆ ಇತ್ತು, ದೊಡ್ಡದೇ ಇತ್ತು.

ತಮಿಳುನಾಡಿನಲ್ಲಿ ಶಾಲೆಗೆ ಸೇರಿದ ಪ್ರತಿ ಮಗುವಿಗೂ ಇಎಂಐಎಸ್ ಅನ್ನುವ ಸರ್ಕಾರದ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಒಂದು ನಂಬರ್ ಇರುತ್ತದೆ. ಮಗು ಶಾಲೆ ಬಿಟ್ಟರೆ ಹಳೇ ಶಾಲೆ ಅದನ್ನು ಕಾಮನ್ ಪೂಲ್‌ಗೆ ಬಿಡಬೇಕು. ಆಮೇಲೆ ಹೊಸ ಶಾಲೆ ಅಲ್ಲಿಂದ ಎತ್ತಿಕೊಳ್ಳುತ್ತದೆ. ಹಳೇ ಶಾಲೆ ಬಿಡದಿದ್ದರೆ ಹೊಸ ಶಾಲೆಯಲ್ಲಿ ಹೆಸರು ಏರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ವರ್ಗಾವಣೆ ಪತ್ರ ಇಲ್ಲ ಅಂತ ಮಗುವನ್ನು ಹೊರಗೆ ನಿಲ್ಲಿಸುವ ಹಾಗಿಲ್ಲ, ಹಾಗಾಗಿ ಮೇಷ್ಟ್ರು ಕೂರಿಸಿಕೊಳ್ಳುತ್ತಾರೆ. ಆದರೆ ಕಂಪ್ಯೂಟರಿನಲ್ಲಿ ಇಲ್ಲದ ಮಗುವಿಗೆ ಪುಸ್ತಕ, ಸಮವಸ್ತ್ರ ಲೆಕ್ಕ ಹಾಕಿ ಕಳಿಸುವವರು ಯಾರು? ಮಗು ತರಗತಿಯಲ್ಲಿ ನೆಂಟರ ಹಾಗೆ ಕೂತಿರುತ್ತದೆ.

18 ಮಕ್ಕಳಲ್ಲಿ ಏಳು ಮಂದಿಗೆ ಆಗಿದ್ದದ್ದು ಇದೇ. ವಿಚಾರಿಸಿದಾಗ ಗೊತ್ತಾಯಿತು, ಅವರು ಓದು ಬಿಟ್ಟಿರಲೇ ಇಲ್ಲ. ತಮ್ಮ ಊರಿನ, ಇಲ್ಲವೇ ಪಕ್ಕದೂರಿನ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದರು. ಮುಖ್ಯಮಂತ್ರಿಗಳ ಬೆಳಗಿನ ಉಪಾಹಾರ ಯೋಜನೆ 2022ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ ಮರುವರ್ಷ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹರಡಿತು. ಬೆಳಿಗ್ಗೆ ಉಪ್ಪಿಟ್ಟೋ ಪೊಂಗಲೋ ಅಲ್ಲೇ ಸಿಗುತ್ತದೆ, ಮಧ್ಯಾಹ್ನದ ಊಟ ಮೊದಲಿಂದಲೂ ಇದೆ. ಇನ್ನು ಆರು ವರ್ಷದ ಮಗುವನ್ನು ಹಾಸ್ಟೆಲಿಗೆ ಯಾಕೆ ಕಳಿಸಬೇಕು ಅಂತ ತಾಯಂದಿರು ಯೋಚನೆ ಮಾಡಿದರು. ನನ್ನನ್ನು ಕೇಳಿದರೆ ಅವರು ಮಾಡಿದ್ದು ಸರಿ. ನಡೆದುಹೋಗುವಷ್ಟು ದೂರದಲ್ಲಿ ಶಾಲೆ ಇರುವಾಗ ಆರು ವರ್ಷದ ಮಗು ಅಮ್ಮನ ಪಕ್ಕ ಮಲಗಬೇಕು. ಈ ಮಾತಿಗೆ ನಮ್ಮ ಗುಂಪಿನಲ್ಲಿ ಎಲ್ಲರ ಒಪ್ಪಿಗೆ ಇಲ್ಲ.

ಐದು ಮಕ್ಕಳು ಅಪ್ಪ ಅಮ್ಮನ ಜೊತೆ ಕೂಲಿಗೆ ಹೋಗಿದ್ದರು. ಕೆಲವರು ಕೆಳಗೆ ಕಬ್ಬು ಕಡಿಯುವ ಕಡೆಗೆ, ಕೆಲವರು ಚಾಮರಾಜನಗರದ ಕಡೆಗೆ. ಜನವರಿಯಿಂದ ಕಾಡಿನಲ್ಲಿ ಕೆಲಸ ಕಡಿಮೆ, ಮನೆ ಪೂರ್ತಿ ಎದ್ದು ಹೋಗುತ್ತದೆ. ದೊಡ್ಡ ಮಗು ಚಿಕ್ಕದನ್ನು ನೋಡಿಕೊಳ್ಳಬೇಕು. ಮೊದಲೆಲ್ಲ ಇಂಥ ಮಕ್ಕಳಿಗೆ ಬಾಲಕಾರ್ಮಿಕರ ವಿಶೇಷ ಶಾಲೆಗಳು ಅಂತ ಇದ್ದವು. 1988ರಲ್ಲಿ ಶುರುವಾದ ಆ ಕೇಂದ್ರ ಯೋಜನೆ ಆಮೇಲೆ ನಿಂತು ಸಮಗ್ರ ಶಿಕ್ಷಾ ಅನ್ನುವ ಶಾಲಾ ಶಿಕ್ಷಣ ಯೋಜನೆಯಲ್ಲಿ ಸೇರಿಕೊಂಡಿತು. ಗಡಿ ದಾಟಿ ಕರ್ನಾಟಕಕ್ಕೆ ಹೋದ ಮಗುವಿನ ಪಾಡು ಇನ್ನೂ ಗೋಜಲು. ಅಲ್ಲಿ ಎಸ್‌ಎಟಿಎಸ್ ಅನ್ನುವ ಬೇರೆ ವ್ಯವಸ್ಥೆ, ಪಾಠ ಕನ್ನಡದಲ್ಲಿ. ಇಲ್ಲಿ 2006ರ ಕಾಯ್ದೆ ಬಂದಮೇಲೆ ತಮಿಳು ಕಲಿಯಲೇಬೇಕು. ಮೂರು ತಿಂಗಳು ಅಲ್ಲಿ, ಒಂಬತ್ತು ತಿಂಗಳು ಇಲ್ಲಿ ಇರುವ ಮಗು ಯಾವ ಅಕ್ಷರದಲ್ಲಿ ಹೆಸರು ಬರೆಯಬೇಕು?

ಇನ್ನು ಮೂವರು ಹುಡುಗಿಯರು ದೊಡ್ಡವರಾಗಿದ್ದರು, ಮನೆಯಲ್ಲೇ ಇದ್ದರು. ಒಬ್ಬ ಹುಡುಗನಿಗೆ ಶಾಲೆ ಬೇಡವಾಗಿತ್ತು, ದನ ಕಾಯುತ್ತಿದ್ದ. ಉಳಿದ ಇಬ್ಬರು ಅಣ್ಣತಮ್ಮಂದಿರು. ಅವರನ್ನು ಕಜ್ಜಿ ಆಗಿದೆ ಅಂತ ಶಾಲೆಯೇ ಮನೆಗೆ ಕಳಿಸಿತ್ತು. ವಾಸಿಯಾದ ಮೇಲೆ ಕರೆಯಲು ಯಾರೂ ಹೋಗಲಿಲ್ಲ.

ಕಂಬಳಿ ಮತ್ತು ಕಜ್ಜಿ

ಈ ಕಜ್ಜಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ದಿಂಬಂ ಕಡೆ ಸಾವಿರ ಮೀಟರಿಗೂ ಮೇಲೆ, ಡಿಸೆಂಬರ್ ಚಳಿ ಚೆನ್ನಾಗೇ ಇರುತ್ತದೆ. ಹಾಗಾಗಿ ಬೆಟ್ಟದ ಶಾಲೆ ಅಂದ ತಕ್ಷಣ ಎಲ್ಲರಿಗೂ ಕಂಬಳಿ ನೆನಪಾಗುತ್ತದೆ. ಪ್ರತಿ ನವೆಂಬರ್‌ನಲ್ಲಿ ಕಂಬಳಿ ಬರುತ್ತಿತ್ತು. ದಪ್ಪ ದಪ್ಪ ಕಂಬಳಿ. ಒಗೆಯಲು ಇಬ್ಬರು ಬೇಕು, ಒಣಗಲು ಮೂರು ದಿನದ ಬಿಸಿಲು ಬೇಕು. ಒಗೆಯುವ ಕಲ್ಲು ಇದ್ದದ್ದು ಒಂದು, ಹಗ್ಗ ಎರಡು. ಆದ್ದರಿಂದ ಒಗೆಯುತ್ತಲೇ ಇರಲಿಲ್ಲ. ಇಬ್ಬರು ಮೂವರು ಮಕ್ಕಳು ಒಂದೇ ಕಂಬಳಿಯೊಳಗೆ ಸೇರಿ ಮಲಗುತ್ತಿದ್ದರು.

ಕಜ್ಜಿಯ ಹುಳ ಚರ್ಮದಿಂದ ಚರ್ಮಕ್ಕೆ ಹೋಗುತ್ತದೆ. ಹಾಸಿಗೆ ಬಟ್ಟೆಯಲ್ಲೂ ಒಂದೆರಡು ದಿನ ಬದುಕುತ್ತದೆ. ರಾತ್ರಿ ಕೆರೆತ ಜಾಸ್ತಿ. ಒಂದು ಮಗುವಿಗೆ ಮಾತ್ರ ಮುಲಾಮು ಹಚ್ಚಿದರೆ ಪ್ರಯೋಜನ ಇಲ್ಲ, ಜೊತೆಯಲ್ಲಿ ಮಲಗುವ ಎಲ್ಲರಿಗೂ ಒಂದೇ ದಿನ ಕುತ್ತಿಗೆಯಿಂದ ಕಾಲಿನವರೆಗೆ ಪರ್ಮೆಥ್ರಿನ್ ಹಚ್ಚಬೇಕು. ಅವತ್ತೇ ಬಟ್ಟೆ, ಹೊದಿಕೆ ಎಲ್ಲ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ವಾರ ಬಿಟ್ಟು ಇನ್ನೊಂದು ಸಲ ಹಚ್ಚಬೇಕು. ಇಷ್ಟು ಮಾಡಲು ಬೇಕಾದದ್ದು ಮುಲಾಮು, ಸೌದೆ, ದೊಡ್ಡ ಹಂಡೆ, ಹಗ್ಗ, ನಾಲ್ಕು ಜನ. ಇದಕ್ಕೆ ಅಂತ ಯಾರೂ ದುಡ್ಡು ಕೊಟ್ಟಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ. ಹಗ್ಗದ ಜೊತೆ ಫೋಟೋ ತೆಗೆಸಿಕೊಳ್ಳುವವರು ಯಾರು?

ಆಗ ವಾರ್ಡನ್ ಮಾಡಿದ್ದು ಅವರಿಗೆ ಸಾಧ್ಯವಿದ್ದ ಒಂದೇ ಕೆಲಸ. ಕಜ್ಜಿ ಜೋರಾದ ಇಬ್ಬರನ್ನು ಮನೆಗೆ ಕಳಿಸಿದರು. ಆ ಹೆಂಗಸಿಗೆ ವಾರದ ರಜೆ ಅಂತ ಇರಲಿಲ್ಲ. ಹಗಲು ರಾತ್ರಿ 50 ಚಿಲ್ಲರೆ ಮಕ್ಕಳು, ಹಾಸಿಗೆ ಒದ್ದೆ ಮಾಡುವ ಚಿಕ್ಕವರು, ಜ್ವರ ಬಂದವರು, ಅಳುವವರು. ತನ್ನ ಮನೆಗೆ ಹೋಗಿಬರಬೇಕಾದರೆ ಶಾಲೆಗೆ ರಜೆ ಬರಬೇಕು.

ಬದಲಿಸಿದ್ದು

ತಿಂಗಳುಗಟ್ಟಲೆ ಮಾತಾಡಿ ಗುಂಪು ಒಂದು ತೀರ್ಮಾನಕ್ಕೆ ಬಂತು. ಮಗುವಿನ ಹೆಸರಿನಲ್ಲಿ ಹಣ ತೆಗೆದುಕೊಳ್ಳುವುದು ನಿಲ್ಲಿಸಬೇಕು. ಫೋಟೋ ಇಲ್ಲ, ಪತ್ರ ಇಲ್ಲ. ದಾನಿ ಒಂದು ಖರ್ಚನ್ನು ಹಿಡಿಯಬೇಕು: ವಾರ್ಡನ್ ಸಂಬಳ, ಅಡುಗೆಯವರ ಸಂಬಳ, ಅಕ್ಕಿ ರಾಗಿ, ಔಷಧಿ ಸೋಪು, ಜೀಪಿನ ಬಾಡಿಗೆ. ಮಕ್ಕಳು 72 ಇರಲಿ 50 ಇರಲಿ ಆ ವರ್ಷ ಹಣ ಕಡಿಮೆ ಮಾಡುವಂತಿಲ್ಲ. ಬದಲಿಗೆ ಶಾಲೆ ಪ್ರತಿ ರಜೆಯ ಆಮೇಲೆ ಎರಡು ವಾರದೊಳಗೆ ಯಾರು ಬಂದಿದ್ದಾರೆ, ಯಾರು ಬೇರೆ ಶಾಲೆ ಸೇರಿದ್ದಾರೆ, ಯಾರು ಎಲ್ಲೂ ಓದುತ್ತಿಲ್ಲ ಅಂತ ನಿಜ ಬರೆದು ಕೊಡಬೇಕು. ಮೂರನೇ ಸಾಲಿನಲ್ಲಿ ಎಷ್ಟೇ ಹೆಸರಿದ್ದರೂ ಬೈಗುಳ ಇಲ್ಲ.

ದಾನಿಗಳಲ್ಲಿ ಒಂದಷ್ಟು ಜನ ಬಿಟ್ಟು ಹೋದರು. "ನನ್ನ ಮಗು ಯಾವುದು ಅಂತ ಗೊತ್ತಿಲ್ಲದೆ ಹೇಗೆ ಕೊಡಲಿ?" ಅಂದರು. ಅವರ ಮೇಲೆ ನನಗೆ ಕೋಪ ಇಲ್ಲ. ಮುಖ ನೋಡಿ ಕೊಡುವುದು ಮನುಷ್ಯರ ಗುಣ. ಆದರೆ ಆ ಮುಖಗಳು ಪಕ್ಕದ ಜಿಲ್ಲೆಯ ಯಾರದೋ ಫ್ರಿಜ್ಜಿನ ಮೇಲೆ ಇರಬೇಕಾದ ಅಗತ್ಯವೂ ಇರಲಿಲ್ಲ. ಕಂಪನಿಗಳು ಸಾಮಾಜಿಕ ಹೊಣೆ ಅಂತ ಕೊಡುವ ಸಿಎಸ್‌ಆರ್ ಹಣಕ್ಕೂ ಪ್ರಯತ್ನ ಪಟ್ಟೆವು. ಅವರು ಕಟ್ಟಡ, ಕಂಪ್ಯೂಟರ್, ನೀರಿನ ಯಂತ್ರ ಕೊಡಲು ಸಿದ್ಧ. ಅಡುಗೆಯವರ ಸಂಬಳ ಅಂದರೆ ಮೀಟಿಂಗ್ ಅಲ್ಲಿಗೇ ಮುಗಿಯುತ್ತಿತ್ತು.

ಬೆಂಗಳೂರಿನವರಲ್ಲಿ ಉಳಿದವರು ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ. ಅವರಿಗೆ ಸಿಕ್ಕ ಕೆಲಸ ಇಂಗ್ಲಿಷ್ ಪಾಠವಲ್ಲ, ಜಾತಿ ಪ್ರಮಾಣಪತ್ರದ ಕಾಗದ. ಸೋಲಿಗರು, ಊರಾಳಿಗಳು ಇಬ್ಬರೂ ತಮಿಳುನಾಡಿನ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇದ್ದಾರೆ. ಆದರೆ ಪಂಗಡದ ಪ್ರಮಾಣಪತ್ರ ಕೊಡುವವರು ತಹಶೀಲ್ದಾರರಲ್ಲ, ಕಂದಾಯ ವಿಭಾಗಾಧಿಕಾರಿ. ನಮಗೆ ಅವರಿರುವುದು ಗೋಬಿಯಲ್ಲಿ. ವಿಚಾರಣೆಗೆ ಕರೆದರೆ ಅಪ್ಪ ಕೂಲಿ ಬಿಟ್ಟು, ಘಟ್ಟ ಇಳಿದು ಹೋಗಿಬರಬೇಕು, ಕೆಲವೊಮ್ಮೆ ಇನ್ನೊಂದು ಸಲವೂ. ಆ ಪತ್ರ ಇಲ್ಲದಿದ್ದರೆ ಎಂಟನೇ ತರಗತಿ ಆದಮೇಲೆ ಸರ್ಕಾರಿ ಬುಡಕಟ್ಟು ವಸತಿ ಶಾಲೆ, ವಿದ್ಯಾರ್ಥಿ ವೇತನ ಎಲ್ಲ ಕಷ್ಟ. ಅರ್ಜಿ ಹಾಕುವುದು, ಅಜ್ಜನ ಹಳೇ ಪತ್ರ ಹುಡುಕಿ ಸ್ಕ್ಯಾನ್ ಮಾಡುವುದು, ಯಾವ ಅರ್ಜಿ ಎಲ್ಲಿ ನಿಂತಿದೆ ಅಂತ ವಾರಕ್ಕೊಮ್ಮೆ ನೋಡುವುದು, ಇದನ್ನು ಬೆಂಗಳೂರಿನಲ್ಲಿ ಕೂತೇ ಮಾಡಬಹುದು. ಶನಿವಾರದ ಕಾರು ಪ್ರಯಾಣ ಉಳಿಯಿತು, ಮಕ್ಕಳು ಬಟ್ಟೆ ಒಗೆದುಕೊಂಡರು. ಪಕ್ಕದ ಕಡಂಬೂರು, ಬರಗೂರು ಬೆಟ್ಟದ ಮಲಯಾಳಿ ಸಮುದಾಯದ ಕತೆ ಇದಕ್ಕಿಂತ ಕಷ್ಟದ್ದು. ಸೇಲಂ, ಧರ್ಮಪುರಿಯಲ್ಲಿ ಅವರು ಪರಿಶಿಷ್ಟ ಪಂಗಡ, ಈರೋಡಿನಲ್ಲಿ ಅಲ್ಲ. ಅದು ಬೇರೆಯೇ ಬರಹ ಆಗುತ್ತದೆ.

ವಾರ್ಡನ್‌ಗೆ ತಿಂಗಳಲ್ಲಿ ಎರಡು ಸಲ ಶನಿವಾರ, ಭಾನುವಾರ ರಜೆ. ಆ ರಾತ್ರಿಗಳಲ್ಲಿ ತಾಳವಾಡಿಯ ಇಬ್ಬರು ನಿವೃತ್ತ ಟೀಚರಮ್ಮಂದಿರು ಹಾಸ್ಟೆಲ್‌ನಲ್ಲಿ ಮಲಗುತ್ತಾರೆ. ಒಬ್ಬರೇ ಇರುವಂತಿಲ್ಲ, ಯಾವಾಗಲೂ ಇಬ್ಬರು. ಪೊಲೀಸ್ ಪರಿಶೀಲನೆ ಆದವರು ಮಾತ್ರ. ತಮಿಳುನಾಡಿನಲ್ಲಿ ಮಕ್ಕಳ ಹಾಸ್ಟೆಲುಗಳಿಗೆ 2014ರ ಪ್ರತ್ಯೇಕ ಕಾಯ್ದೆಯೇ ಇದೆ, ನೋಂದಣಿ, ತಪಾಸಣೆ ಎಲ್ಲ ಅದರಲ್ಲಿ ಬರುತ್ತದೆ. ಹೊರಗಿನ ಸ್ವಯಂಸೇವಕರು ರಾತ್ರಿ ಶಾಲೆಯಲ್ಲಿ ಉಳಿಯುವುದನ್ನು ಪೂರ್ತಿ ನಿಲ್ಲಿಸಿದೆವು. ಕೆಲವರಿಗೆ ಬೇಜಾರಾಯಿತು, ಆಗಲಿ. 1098 ಅನ್ನುವ ಮಕ್ಕಳ ಸಹಾಯವಾಣಿ ನಂಬರನ್ನು ಊಟದ ಹಾಲಿನ ಗೋಡೆಗೆ ಕೈಗೆಟುಕುವ ಎತ್ತರದಲ್ಲಿ ಬರೆಸಿದ್ದು ಆ ಟೀಚರಮ್ಮಂದಿರೇ.

ಜೀಪು

ಮಕ್ಕಳು ವಾಪಸ್ ಬಂದದ್ದು ಮಾತ್ರ ಜೀಪಿನಿಂದ. ನಮ್ಮ ಕಡೆ ಮಗು ಒಂದು ದಿನ ಎದ್ದು "ಶಾಲೆ ಬಿಟ್ಟೆ" ಅನ್ನುವುದಿಲ್ಲ. ರಜೆಗೆ ಹೋಗುತ್ತದೆ, ಬರುವುದಿಲ್ಲ, ಅಷ್ಟೇ. ಜೂನ್ ಆರಂಭ, ಅಕ್ಟೋಬರ್‌ನಲ್ಲಿ ಕ್ವಾರ್ಟರ್ಲಿ ರಜೆ ಮುಗಿದಾಗ, ದೀಪಾವಳಿ, ಜನವರಿ, ಪೊಂಗಲ್. ಈ ದಿನಗಳಲ್ಲಿ ಪೋಡಿಗೆ ಗಾಡಿ ಹೋದರೆ ಮಗು ಬರುತ್ತದೆ. ಒಂದು ವಾರ ತಡವಾದರೆ ತಾಯಿ ಅಷ್ಟರೊಳಗೆ ಬೇರೆ ಏರ್ಪಾಡು ಮಾಡಿಕೊಂಡಿರುತ್ತಾಳೆ.

ತೆರೆಯುವ ದಿನ ಯಾವುದು ಅಂತ ಪೋಡಿಗೆ ತಿಳಿಸುವುದು ಹೇಗೆ? ಫೋನ್ ಸಿಗ್ನಲ್ ನಂಬುವಂತಿಲ್ಲ. ಚಾಮರಾಜನಗರದ ಹುಡುಗನೊಬ್ಬ ರೇಷನ್ ಅಂಗಡಿ ಅಂದ. ತಿಂಗಳಿಗೊಮ್ಮೆ ಉಚಿತ ಅಕ್ಕಿಗೆ ಎಲ್ಲ ಮನೆಯವರೂ ಬಂದೇ ಬರುತ್ತಾರೆ. ಅಲ್ಲಿ ಬಾಗಿಲ ಪಕ್ಕ ತಮಿಳಿನಲ್ಲೂ ಕನ್ನಡದಲ್ಲೂ ದಿನಾಂಕ ಬರೆದು ಅಂಟಿಸುತ್ತೇವೆ. ಓದಲು ಬಾರದವರಿಗೆ ಅಕ್ಕಿ ತೂಗುವವರೇ ಹೇಳುತ್ತಾರೆ.

ಕಾಡಿನ ರಸ್ತೆಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಚೆಕ್‌ಪೋಸ್ಟಿನಲ್ಲಿ ಗಾಡಿ ನಂಬರ್, ಚಾಲಕನ ಹೆಸರು ಮೊದಲೇ ಕೊಟ್ಟಿರಬೇಕು. ಮಂಜು ಬಿಟ್ಟ ಮೇಲೆ ಹೊರಟು ಮಾವನತ್ತ, ಇಟ್ಟರೆ ಅನ್ನುವ ಊರುಗಳ ಕಡೆ ಮುಗಿಸಿ ಮೂರು ಗಂಟೆಯೊಳಗೆ ಶಾಲೆ ಸೇರಬೇಕು. ದಿಂಬಂ ಘಟ್ಟದಲ್ಲಿ 2022ರ ಫೆಬ್ರವರಿಯಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ಅದಕ್ಕೂ ಈ ಜೀಪಿಗೂ ನೇರ ಸಂಬಂಧ ಇಲ್ಲ, ಆದರೆ ಕೆಳಗಿನಿಂದ ಬಾಡಿಗೆ ಗಾಡಿ ತರಿಸುವ ಯೋಚನೆಯನ್ನು ಅದು ಅಲ್ಲಿಗೇ ಮುಗಿಸಿತು. ತಾಳವಾಡಿಯದೇ ಜೀಪು ಬೇಕಾಯಿತು, ಆನೆ ದಾರಿ ಗೊತ್ತಿರುವ ಚಾಲಕನೇ ಬೇಕಾಯಿತು.

ಮೊದಲ ಸಲ ಜೀಪು ಒಂದು ಪೋಡಿಗೆ ಹೋದಾಗ ಆದದ್ದನ್ನು ಯಾರೂ ಎಣಿಸಿರಲಿಲ್ಲ. ಮಕ್ಕಳು ಓಡಿ ಬಂದರು. ಅಜ್ಜಿಯರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ವೀರಪ್ಪನ್ ಕಾಲದಲ್ಲಿ ಕಾಡಿನ ಊರುಗಳಿಗೆ ಜೀಪು ಬಂತು ಅಂದರೆ ವಿಶೇಷ ಕಾರ್ಯಪಡೆ ಬಂತು ಅಂತ ಅರ್ಥ. ಯಾರನ್ನೋ ಎತ್ತಿಕೊಂಡು ಹೋಗುತ್ತಿದ್ದರು. ಆ ಹಿಂಸೆಯ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತ್ತು. 2007ರಲ್ಲಿ 89 ಮಂದಿಗೆ ಒಟ್ಟು 2.8 ಕೋಟಿ ರೂಪಾಯಿ ಪರಿಹಾರ ಕೊಡಲು ಆಯೋಗ ಹೇಳಿತು. ವೀರಪ್ಪನ್ ಸತ್ತದ್ದು 2004ರಲ್ಲಿ, ಅಜ್ಜಿಯರಿಗೆ ನೆನಪು ಹೋಗಿಲ್ಲ. ಹಸಿರು ಬಣ್ಣದ ಜೀಪು, ಮುಂದೆ ಪರಿಚಯವಿಲ್ಲದ ಇಬ್ಬರು ಗಂಡಸರು. ಅವರು ಇನ್ನೇನು ತಿಳಿಯಬೇಕಿತ್ತು?

ಮುಂದಿನ ಸಲದಿಂದ ಮುಂದಿನ ಸೀಟಿನಲ್ಲಿ ಅಡುಗೆ ಅಕ್ಕ ಕೂತರು. ಅವರೂ ಸೋಲಿಗರೇ, ತಲಮಲೆ ಕಡೆಯವರು. ಪೋಡಿನ ಹೊರಗೇ ಜೀಪು ನಿಲ್ಲಿಸಿ ನಡೆದು ಒಳಗೆ ಹೋಗುತ್ತಾರೆ. ಅಜ್ಜಿಯರ ಹತ್ತಿರ ಎಲೆ ಅಡಿಕೆ ಹಾಕಿಕೊಂಡು ಯಾವ ಮಗು ಎಲ್ಲಿದೆ ಅಂತ ವಿಚಾರಿಸುತ್ತಾರೆ. ಮೂರು ಸಾಲಿನ ಪಟ್ಟಿಗೆ ಬೇಕಾದ ಮಾಹಿತಿಯೆಲ್ಲ ಅವರ ಬಾಯಲ್ಲಿ ಬರುತ್ತದೆ, ಟೀಚರ್ ಬರೆದುಕೊಳ್ಳುತ್ತಾರೆ. ಯಾವ ಮಗುವಿಗೆ ಎಷ್ಟು ಅನ್ನ ಬೇಕು ಅಂತ ಗೊತ್ತಿರುವ ಹೆಂಗಸು ಬಾ ಅಂದರೆ ಮಗು ಬರುತ್ತದೆ.

ಈಗ

ಆ ಏಳು ಮಕ್ಕಳ ನಂಬರ್ ಕಾಮನ್ ಪೂಲ್‌ಗೆ ಹೋಯಿತು, ಊರಿನ ಶಾಲೆಗಳು ಎತ್ತಿಕೊಂಡವು. ಕಜ್ಜಿಯ ಅಣ್ಣತಮ್ಮಂದಿರು ಮೊದಲ ಜೀಪಿನಲ್ಲೇ ಬಂದರು. ಕೂಲಿಗೆ ಹೋದ ಐವರಲ್ಲಿ ಮೂವರು ಜೂನ್‌ನಲ್ಲಿ ಸೇರಿದರು, ಇಬ್ಬರ ಮನೆಯವರು ಇನ್ನೂ ಆಚೆಯೇ ಇದ್ದಾರೆ. ದನ ಕಾಯುವ ಹುಡುಗ ಬರಲಿಲ್ಲ, ಜೀಪು ಕಂಡರೆ ಕಾಡಿಗೆ ನುಗ್ಗುತ್ತಾನೆ. ಹುಡುಗಿಯರಲ್ಲಿ ಒಬ್ಬಳು ಬಂದಳು. ಅದೂ ಶೌಚಾಲಯಕ್ಕೆ ಚಿಲಕ ಹಾಕಿಸಿ, ನೀರಿನ ಡ್ರಮ್ ಒಳಗೇ ಇಟ್ಟಮೇಲೆ, ತಾಯಿ ಬಂದು ನೋಡಿ ಒಪ್ಪಿದ ಮೇಲೆ. ಉಳಿದ ಇಬ್ಬರಲ್ಲಿ ಒಬ್ಬಳಿಗೆ ಮದುವೆ ಮಾತು ನಡೆಯುತ್ತಿದೆ ಅಂತ ಅಡುಗೆ ಅಕ್ಕ ಹೇಳಿದಾಗ ದೊಡ್ಡ ಮೇಡಂ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಿದರು. ಮದುವೆ ನಿಂತಿದೆ, ಹುಡುಗಿ ಶಾಲೆಗೆ ಬಂದಿಲ್ಲ. ಆ ಮನೆಯವರು ಈಗ ಅಡುಗೆ ಅಕ್ಕನ ಜೊತೆ ಮಾತು ಬಿಟ್ಟಿದ್ದಾರೆ. ಆ ಪೋಡಿಗೆ ಮುಂದಿನ ಸಲ ಜೀಪಿನಲ್ಲಿ ಯಾರು ಹೋಗಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.

ಹಾಸ್ಟೆಲ್‌ನ ಹಾಜರಿ ಪುಸ್ತಕದಲ್ಲಿ ಈಗ 60 ಚಿಲ್ಲರೆ ಮಕ್ಕಳಿದ್ದಾರೆ. ಗೋಡೆಯ ಗೆರೆ ಅದಕ್ಕೆ ಹೊಂದುತ್ತದೆ. ಕಂಬಳಿ ಬೇಡ ಅಂತ ಹೇಳಿ ತೆಳ್ಳನೆಯ ಹತ್ತಿ ದುಪ್ಪಟಿ ತರಿಸಿದ್ದೇವೆ, ಮಗುವಿಗೆ ಎರಡೆರಡು. ಒಂದು ಹೊದ್ದರೆ ಇನ್ನೊಂದು ಹಗ್ಗದ ಮೇಲೆ. ಬರುವ ವರ್ಷಕ್ಕೆ ವಾರ್ಡನ್ ಸಂಬಳ, ಅಕ್ಕಿ ರಾಗಿ, ಜೀಪಿನ ಬಾಡಿಗೆ ಮೂರಕ್ಕೂ ಜನ ಸಿಕ್ಕಿದ್ದಾರೆ. ಅಡುಗೆಯ ಇಬ್ಬರ ಸಂಬಳಕ್ಕೆ ಇನ್ನೂ ಯಾರೂ ಒಪ್ಪಿಲ್ಲ.